ಗ್ರಾಮದೇಗುಲಗಳ ಶಿಲಾಲಿಪಿಗಳನ್ನರಸಿದ ರೈಸ್ ಮಹಾಶಯರು

ಕನ್ನಡ ನಾಡಿನ ಪೂರ್ವೇತಿಹಾಸವು ಓಲೆಗರಿಗಳಲ್ಲಿ ಉಳಿದುದು ಕೊಂಚ; ಹಳ್ಳಿಯ ಗುಡಿಯಂಗಳದ ಕಲ್ಲುಗಳಲ್ಲಿ ಉಳಿದುದು ಬಹಳ. ದೇವರಿಗೆ ಕೈಮುಗಿದು ಹಿಂದಿರುಗುವ ಭಕ್ತನು ಆ ಕಲ್ಲುಗಳ ಪಕ್ಕದಲ್ಲಿಯೇ ಹಾದುಹೋಗುತ್ತಿದ್ದರೂ ಅವುಗಳ ಹಳೆಯ ಅಕ್ಷರವನ್ನು ಓದಬಲ್ಲವರು ವಿರಳರಾಗಿದ್ದರು. ಮೈಸೂರು ಸೀಮೆಯ ಆ ಬರೆಹಗಳನ್ನು ಊರೂರಿನಿಂದ ಸಂಗ್ರಹಿಸಿ ಅಚ್ಚಿಗೆ ತಂದ ಕೀರ್ತಿಯು ಬೆಂಜಮಿನ್ ಲೂಯಿಸ್ ರೈಸರಿಗೆ ಸಲ್ಲತಕ್ಕದ್ದು.

ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದರು. ತಂದೆಯವರು ಲಂಡನ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು. ಪಾದ್ರಿಯ ಮಗನು ಹಿಂದೂ ಗುಡಿಗಳ ಕಲ್ಲುಗಳಿಗಾಗಿ ಜೀವಮಾನವನ್ನು ಸವೆಸಿದುದು ಸೋಜಿಗವೇ ಸರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಮರಳಿ ಬಂದು ಉಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲಾ ತನಿಖಾಧಿಕಾರಿಗಳಾದರು. ಶಾಲೆಗಳನ್ನು ನೋಡಲು ಹಳ್ಳಿಗಳಲ್ಲಿ ಸಂಚರಿಸುತ್ತಿರುವಾಗ ಗುಡಿಯ ಮುಂದೆಯೂ ಕೆರೆಯ ಏರಿಯ ಮೇಲೆಯೂ ನಿಂತ ಶಾಸನಗಳು ಅವರ ಕಣ್ಣಿಗೆ ಬೀಳತೊಡಗಿದವು. ಮೇಜರ್ ಡಿಕ್ಸನ್ನರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಹೊಣೆಯೂ ಅವರ ಮೇಲೆಯೇ ಬಿತ್ತು. ಅದರ ಫಲವಾದ ಗ್ರಂಥವು 1879ರಲ್ಲಿ ಹೊರಬಂದಿತು. ಮುಂದೆ ಮೈಸೂರು ಸರ್ಕಾರವು ಪ್ರಾಚ್ಯವಸ್ತು ಸಂಶೋಧನೆಯ ಇಲಾಖೆಯನ್ನು ತೆರೆದು ಅವರಿಗೆ ಒಪ್ಪಿಸಿತು.

ಶಿಕಾರಿಪುರ ತಾಲ್ಲೂಕೊಂದರಲ್ಲಿಯೇ ಅವರಿಗೆ ದೊರೆತ ನಿಧಿಯು ಅಪಾರ. ತಾಳಗುಂದದ ಪ್ರಣವೇಶ್ವರನ ಗುಡಿಯ ಮುಂದಿನ ಕಂಬವು ಕದಂಬರ ಮೂಲವನ್ನು ತಿಳಿಸಿತು. ಆ ಕಾವ್ಯವನ್ನು ರಚಿಸಿದ ಕುಬ್ಜನೆಂಬ ಕವಿಯೇ ಅದನ್ನು ಕಲ್ಲಿನಲ್ಲಿ ಕೊರೆದವನು. ಅಲ್ಲಿಗೆ ಸಮೀಪದ ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರೆಂದು ಶರಣರ ಚರಿತೆಗಳನ್ನು ಬಲ್ಲವರಿಗೆಲ್ಲ ಗೊತ್ತು. ಆ ಊರಿನ ಕೇದಾರೇಶ್ವರನ ಸನ್ನಿಧಿಯಲ್ಲಿದ್ದ ಕೋಡಿಯ ಮಠವನ್ನು ಕುರಿತ 1162ರ ಶಾಸನವು ಬಿಜ್ಜಳನ ಆಳಿಕೆಗೆ, ಎಂದರೆ ಬಸವಣ್ಣನವರ ಕಾಲಕ್ಕೇ, ಸೇರಿದುದು. ಕಾಳಾಮುಖ ಶೈವರ ಆ ಮಠದಲ್ಲಿ ವೇದ, ವ್ಯಾಕರಣ, ಸಾಂಖ್ಯ ಮೊದಲಾದುವುಗಳೊಡನೆ ಬೌದ್ಧದರ್ಶನವನ್ನೂ ಓದಿಸುತ್ತಿದ್ದರು. ದೀನರಿಗೆ, ಕುರುಡರಿಗೆ, ಕುಂಟರಿಗೆ, ಜೈನ ಬೌದ್ಧ ಭಿಕ್ಷುಗಳಿಗೂ ಅನ್ನವನ್ನಿಡುತ್ತಿದ್ದರು. ರೋಗಿಗಳಿಗೆ ಔಷಧವನ್ನು ಕೊಡುತ್ತಿದ್ದರು. ಶರಣರು ಮಾತನಾಡಿದ ಕಾಲದ ನಾಡು ಎಂತಹದೆಂಬುದನ್ನು ಪುರಾಣಗಳ ಹಂಗಿಲ್ಲದೆ ತಿಳಿಸುವ ಇಂತಹ ಸಾಕ್ಷಿಯು ಮತ್ತೊಂದು ಸಿಕ್ಕುವುದು ಕಷ್ಟ. ಕಲ್ಲು ಒಡೆದಿದ್ದರೆ ಅದೂ ಇರುತ್ತಿರಲಿಲ್ಲ.

1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಮೌರ್ಯರ ಆಜ್ಞೆಯು ಇಲ್ಲಿಯವರೆಗೂ ನಡೆದಿತ್ತೆಂಬುದು ಇದರಿಂದ ಸ್ಥಿರಪಟ್ಟಿತು.

ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳು 1886ರಿಂದ 1905ರವರೆಗೆ ಪ್ರಕಟವಾದವು. ಸುಮಾರು 9,000 ಶಾಸನಗಳು ಅವುಗಳಲ್ಲಿವೆ. ಪಾಠವು ಕನ್ನಡದಲ್ಲಿಯೂ ರೋಮನ್ ಲಿಪಿಯಲ್ಲಿಯೂ ಉಂಟು, ಜೊತೆಗೆ ಇಂಗ್ಲಿಷ್ ಅನುವಾದ. ಇಷ್ಟು ದೊಡ್ಡ ಕೆಲಸದಲ್ಲಿ ತಪ್ಪುಗಳು ಇಲ್ಲದಿಲ್ಲ. ಗಂಗರ ತಾಮ್ರಪಟಗಳು ಹಲವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದಾಗ ರೈಸರು ಬಹುಕಾಲ ಒಪ್ಪಲಿಲ್ಲ. ಈ ವಿಷಯದಲ್ಲಿ ಅವರ ಹಟವು ಸ್ವಲ್ಪ ಹೆಚ್ಚಾಯಿತೆಂದೇ ಹೇಳಬೇಕು. ಆದರೆ ಮಳೆಬಿಸಿಲಿಗೆ ಸವೆಯುವ ಕಲ್ಲು ಪಂಡಿತರ ಒಮ್ಮತಕ್ಕಾಗಿ ಕಾಯುವುದಿಲ್ಲ.

1906ರಲ್ಲಿ ರೈಸರು ನಿವೃತ್ತರಾದರು. ಅವರ ಕೈಕೆಳಗೆ ಪಳಗಿದ ಆರ್. ನರಸಿಂಹಾಚಾರ್ಯರು ಆ ಸ್ಥಾನಕ್ಕೆ ಬಂದು, ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಮತ್ತೆ ಪ್ರಕಟಿಸಿದರು. ಇಂಗ್ಲೆಂಡಿನ ಹ್ಯಾರೋ ಪಟ್ಟಣದಲ್ಲಿ 1927ರಲ್ಲಿ ರೈಸರು ತೀರಿಕೊಂಡರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯವು ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತರತೊಡಗಿದಾಗ, ವಿದ್ವಾಂಸರು ರೈಸರ ಪುಟಗಳನ್ನು ಹಿಡಿದು ಅವೇ ಗುಡಿಗಳಿಗೆ ಮರಳಿ ಹೋಗಬೇಕಾಯಿತು.