ಕ್ಯಾಮೆರಾ ಮುಂದೆ ತಾನಾಗೇ ನಿಂತ ಹೆಣ್ಣು

2024ರ ಏಪ್ರಿಲ್‌ನಲ್ಲಿ ಹೆಂಗಸರ ವಿಡಿಯೊ ತುಂಬಿದ ಪೆನ್‌ಡ್ರೈವ್‌ಗಳು ನಮ್ಮ ಹಾಸನದ ಬೀದಿಗಳಲ್ಲಿ ಹರಿದಾಡಿದವು. ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರದ ಟೀ ಅಂಗಡಿಗಳಲ್ಲಿ ಅದೇ ಮಾತು. ಎಂಜಿನಿಯರಿಂಗ್‌ನಲ್ಲಿ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ ಅಂತ ಓದಿದ್ದೆ. ಅದು ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆ ಸಿಲೆಬಸ್‌ನಲ್ಲಿ ಇರಲಿಲ್ಲ. ಆಗ ನನಗೆ ನೆನಪಾದದ್ದು ಕಮಲಾದೇವಿ ಚಟ್ಟೋಪಾಧ್ಯಾಯ.

1923ರಲ್ಲಿ ಕೊಡಾಕ್ 16 ಎಂಎಂ ಕ್ಯಾಮೆರಾ ಬಂತು. ಇಂಗ್ಲೆಂಡಿನ ಸಿರಿವಂತ ಮನೆಗಳ ಹೆಂಗಸರೂ ಅದನ್ನು ಹಿಡಿದು ಕಡಲತೀರದ ರಜಾದಿನಗಳನ್ನು ಚಿತ್ರಿಸಿಕೊಂಡರು. ನಮ್ಮಲ್ಲಿ ಮರ್ಯಾದಸ್ಥ ಮನೆಯ ಹೆಣ್ಣು ಕ್ಯಾಮೆರಾ ಮುಂದೆ ನಿಲ್ಲೋದೇ ತಪ್ಪು ಅನ್ನೋ ಕಾಲ ಅದು.

ಕಮಲಾದೇವಿ ಹುಟ್ಟಿದ್ದು 1903ರಲ್ಲಿ, ಕಡಲೂರು ಮಂಗಳೂರಿನಲ್ಲಿ. ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷಕ್ಕೆ ವೈಧವ್ಯ. ಮೂಲೆ ಸೇರಲಿಲ್ಲ, ಓದಿದರು, ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರನ್ನು ಮದುವೆಯಾದರು, ನಾಟಕ ಆಡಿದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೂದಲೆಳೆಯಲ್ಲಿ ಸೋತರು. ಸೋಲಿಗಿಂತ, ಒಬ್ಬ ಹೆಣ್ಣು ಓಟು ಕೇಳಿದ್ದೇ ಸುದ್ದಿ.

1930ರ ದಂಡಿ ಯಾತ್ರೆಗೆ ಗಾಂಧಿ ಆರಿಸಿದ 78 ಜನರಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿ ನೇರವಾಗಿ ಗಾಂಧಿಯನ್ನೇ ಕೇಳಿ, ಹೆಂಗಸರಿಗೂ ಸತ್ಯಾಗ್ರಹದಲ್ಲಿ ಜಾಗ ಪಡೆದರು. ಮುಂಬೈ ಕಡಲತೀರದಲ್ಲಿ ಉಪ್ಪು ಮಾಡಿದರು, ಅದನ್ನು ಷೇರುಪೇಟೆಗೇ ಒಯ್ದು ಮಾರಿದರು, ಜೈಲಿಗೂ ಹೋದರು.

ಇಂಥವರು 1931ರಲ್ಲಿ ತೆರೆಕಂಡ ಮೂಕಿಚಿತ್ರ 'ವಸಂತಸೇನಾ'ದಲ್ಲಿ ನಟಿಸಿದರು. ಶೂದ್ರಕನ ಮೃಚ್ಛಕಟಿಕದ ಕತೆ, ನಿರ್ದೇಶನ ಮೋಹನ್ ಭವನಾನಿ. ಏಣಾಕ್ಷಿ ರಾಮರಾವ್, ಟಿ.ಪಿ. ಕೈಲಾಸಂ ಕೂಡ ಅದರಲ್ಲಿದ್ದರು. ಹೊಟ್ಟೆಪಾಡಿಗಲ್ಲ, ಕಲೆ ಹೆಣ್ಣಿನ ಹಕ್ಕು ಅನ್ನೋದನ್ನು ಅವರು ಭಾಷಣ ಮಾಡದೆ ಮಾಡಿ ತೋರಿಸಿದರು ಅಂತ ನನಗನಿಸುತ್ತೆ. ಸ್ವಾತಂತ್ರ್ಯದ ನಂತರ ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಕಟ್ಟಲು ದುಡಿದರು, ಕೈಮಗ್ಗ ಮತ್ತು ಕರಕುಶಲಗಳಿಗೆ ಜೀವ ಕೊಟ್ಟರು. ತೀರಿಕೊಂಡದ್ದು 1988ರಲ್ಲಿ.

ಪೆನ್‌ಡ್ರೈವ್ ಗದ್ದಲದಲ್ಲಿ ನಮ್ಮೂರ ಹಿರಿಯರೊಬ್ಬರು, ಹೆಣ್ಣುಮಕ್ಕಳು ಕ್ಯಾಮೆರಾದಿಂದ ದೂರ ಇರಬೇಕು ಅಂದರು. ತಪ್ಪು ಪಾಠ ಅದು. ದೂರ ಇಡಬೇಕಾದ್ದು ಒಪ್ಪಿಗೆ ಕೇಳದ ಕೈಗಳನ್ನು. ಅರಕಲಗೂಡಿನ ಹುಡುಗಿ ಇವತ್ತು ಮೊಬೈಲ್ ಹಿಡಿದು ತನ್ನ ಕತೆ ತಾನೇ ಚಿತ್ರಿಸಿಕೊಂಡರೆ, ಬೈಯೋ ಮುಂಚೆ ಕಮಲಾದೇವಿಯನ್ನು ನೆನೆಯೋಣ. ತೊಂಬತ್ತು ವರ್ಷ ಹಿಂದೆಯೇ ಅವರು ಯಾರ ಅಪ್ಪಣೆಗೂ ಕಾಯದೆ ಬೆಳಕಿಗೆ ಬಂದು ನಿಂತಿದ್ದರು.