ಕೀಲಿಮಣೆಗೆ ಸದ್ದು ಕೊಟ್ಟ ಪತ್ರಕರ್ತ ಕ್ರಿಸ್ಟೋಫರ್ ಶೋಲ್ಸ್

ಕಂಪ್ಯೂಟರಿನಲ್ಲಿ ಬರೆಯುವಾಗ ಪ್ರತಿ ಕೀಲಿಗೂ ಒಂದು ಸದ್ದು ಕೇಳಿಸಬೇಕು ಎಂದು ಬಯಸುವವರು ಇಂದಿಗೂ ಇದ್ದಾರೆ. ಮೌನವಾದ ಕೀಲಿಮಣೆಯ ಮೇಲೆ ಬೆರಳಾಡಿಸುವಾಗ ಅಕ್ಷರ ಬಿದ್ದಿತೋ ಇಲ್ಲವೋ ಎಂಬ ಅನುಮಾನ ಕಾಡುತ್ತದೆ. ಕಣ್ಣು ಮತ್ತೆ ಮತ್ತೆ ಪರದೆಯತ್ತ ಓಡುತ್ತದೆ. ಸದ್ದು ಕೇಳಿದರೆ ಆ ಅನುಮಾನ ಇಲ್ಲ. ಬರವಣಿಗೆಗೂ ಕಿವಿಗೂ ಈ ನಂಟನ್ನು ಬೆಸೆದ ಯಂತ್ರ ಬೆರಳಚ್ಚು ಯಂತ್ರ. ಅದನ್ನು ಬಳಕೆಗೆ ಒಗ್ಗುವಂತೆ ರೂಪಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಮುದ್ರಕ, ಪತ್ರಕರ್ತ ಕ್ರಿಸ್ಟೋಫರ್ ಲೇಥಮ್ ಶೋಲ್ಸ್. ಜಗತ್ತಿನ ಕಚೇರಿಗಳನ್ನೆಲ್ಲ ಸದ್ದಿನಿಂದ ತುಂಬಿದ ಈ ವ್ಯಕ್ತಿಯ ಸಮಾಧಿ ಮಾತ್ರ ದಶಕಗಳ ಕಾಲ ಹೆಸರಿಲ್ಲದೆ ಉಳಿದಿತ್ತು.

ಮೊಳೆ ಜೋಡಿಸುತ್ತ ಬೆಳೆದ ಬಾಲಕ

ಶೋಲ್ಸ್ ಜನಿಸಿದ್ದು 1819ರ ಫೆಬ್ರವರಿ 14ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೂರ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ. ಹದಿಹರೆಯದಲ್ಲಿಯೇ ಮುದ್ರಣಾಲಯವೊಂದನ್ನು ಸೇರಿ ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತರು. 1837ರಲ್ಲಿ ಆಗಿನ್ನೂ ರಾಜ್ಯದ ಸ್ಥಾನಮಾನ ಪಡೆಯದಿದ್ದ ವಿಸ್ಕಾನ್ಸಿನ್ ಪ್ರಾಂತಕ್ಕೆ ವಲಸೆ ಹೋದರು. ಅಲ್ಲಿ ಮುದ್ರಕರಾಗಿ, ಸಂಪಾದಕರಾಗಿ, ಕಾಲಕ್ರಮದಲ್ಲಿ ರಾಜಕಾರಣಿಯಾಗಿ ಬೆಳೆದರು. ವಿಸ್ಕಾನ್ಸಿನ್ ಶಾಸನಸಭೆಯ ಎರಡೂ ಸದನಗಳಲ್ಲಿ ಸದಸ್ಯರಾಗಿದ್ದರು.

ಅವರ ಸಾರ್ವಜನಿಕ ಬದುಕಿನ ಒಂದು ಘಟನೆ ಇಲ್ಲಿ ಉಲ್ಲೇಖನೀಯ. 1851ರಲ್ಲಿ ಕೆನೋಶಾ ಊರಿನಲ್ಲಿ ಜಾನ್ ಮೆಕ್ಯಾಫ್ರಿ ಎಂಬ ಕೈದಿಯನ್ನು ಸಾವಿರಾರು ಜನರ ಎದುರಿನಲ್ಲಿ ಗಲ್ಲಿಗೇರಿಸಲಾಯಿತು. ಆತನ ಪ್ರಾಣ ಹೋಗಲು ಬಹಳ ಹೊತ್ತು ಹಿಡಿಯಿತು. ಅದೇ ಊರಿನ ಪತ್ರಿಕೆಯ ಸಂಪಾದಕರಾಗಿದ್ದ ಶೋಲ್ಸ್ ಈ ಕ್ರೌರ್ಯವನ್ನು ತೀವ್ರವಾಗಿ ಖಂಡಿಸಿ ಬರೆದರು. ಮುಂದೆ ಶಾಸಕರಾದಾಗ ಮರಣದಂಡನೆಯ ರದ್ದತಿಗಾಗಿ ಶ್ರಮಿಸಿದರು. 1853ರಲ್ಲಿ ವಿಸ್ಕಾನ್ಸಿನ್ ಮರಣದಂಡನೆಯನ್ನು ರದ್ದುಪಡಿಸಿತು. ಬೆರಳಚ್ಚು ಯಂತ್ರವನ್ನು ರೂಪಿಸದಿದ್ದರೂ ಈ ಒಂದು ಕಾರ್ಯಕ್ಕಾಗಿ ಶೋಲ್ಸ್ ಅವರ ಹೆಸರು ಅಲ್ಲಿನ ಚರಿತ್ರೆಯಲ್ಲಿ ಉಳಿಯುತ್ತಿತ್ತು.

ಮಿಲ್ವಾಕಿ ನಗರಕ್ಕೆ ಬಂದ ಮೇಲೆ ಅವರು ಪತ್ರಿಕಾ ಕೆಲಸದ ಜತೆಗೆ ಬಂದರಿನ ಸುಂಕಾಧಿಕಾರಿ ಹುದ್ದೆಯನ್ನೂ ನಿರ್ವಹಿಸಿದರು. ಆದರೆ ಮನಸ್ಸು ಯಂತ್ರಗಳ ಕಡೆಗಿತ್ತು. ಕ್ಲೈನ್‌ಸ್ಟ್ಯೂಬರ್ ಎಂಬವರ ಯಂತ್ರಶಾಲೆಯಲ್ಲಿ ಮುದ್ರಕ ಸ್ಯಾಮುಯೆಲ್ ಸೂಲ್ ಜತೆಗೂಡಿ ಪುಸ್ತಕದ ಪುಟಗಳಿಗೆ ಸಂಖ್ಯೆ ಒತ್ತುವ ಯಂತ್ರವೊಂದನ್ನು ನಿರ್ಮಿಸಿ, 1866ರಲ್ಲಿ ಪೇಟೆಂಟ್ ಪಡೆದರು. ಅದೇ ಶಾಲೆಯಲ್ಲಿ ತನ್ನದೇ ಪ್ರಯೋಗದಲ್ಲಿ ತೊಡಗಿದ್ದ ಕಾರ್ಲೋಸ್ ಗ್ಲಿಡನ್, ಸಂಖ್ಯೆ ಒತ್ತುವ ಯಂತ್ರ ಅಕ್ಷರವನ್ನೇಕೆ ಒತ್ತಬಾರದು ಎಂದು ಕೇಳಿದರಂತೆ. ಆ ಪ್ರಶ್ನೆ ಶೋಲ್ಸ್ ಅವರನ್ನು ಬಿಡಲಿಲ್ಲ.

ತಂತಿ ಕೀಲಿಯಿಂದ ಹುಟ್ಟಿದ ಅಕ್ಷರ

1867ರ ಬೇಸಗೆಯ ಒಂದು ದಿನ ಶೋಲ್ಸ್ ಮಿಲ್ವಾಕಿಯ ತಂತಿ ಕಚೇರಿಗೆ ಹೋಗಿ ಒಂದು ಹಾಳೆ ಕಾರ್ಬನ್ ಕಾಗದ ಕೇಳಿದರು. ಆ ಕಾಲದಲ್ಲಿ ಅದು ಅಪರೂಪದ ವಸ್ತು. ಕಾಗದ ಕೊಟ್ಟ ಚಾರ್ಲ್ಸ್ ವೆಲ್ಲರ್ ಎಂಬ ಯುವ ತಂತಿ ನೌಕರನಿಗೆ ಅವರು ಮರುದಿನ ತಮ್ಮ ಮಾದರಿಯನ್ನು ತೋರಿಸಿದರು. ಮಾದರಿ ಬಹಳ ಸರಳ. ತಂತಿ ಕಳುಹಿಸುವ ಹಳೆಯ ಕೀಲಿಯೊಂದು; ಅದನ್ನು ಒತ್ತಿದರೆ ಕೆಳಗಿನಿಂದ ಒಂದು ಅಚ್ಚುಮೊಳೆ ಮೇಲಕ್ಕೆ ಚಿಮ್ಮಿ ಗಾಜಿನ ತಟ್ಟೆಗೆ ಬಡಿಯುತ್ತಿತ್ತು. ನಡುವೆ ಕಾರ್ಬನ್ ಕಾಗದ ಮತ್ತು ತೆಳು ಹಾಳೆ. ಹಾಳೆಯ ಮೇಲೆ ಮೂಡಿದ್ದು ಡಬ್ಲ್ಯೂ ಎಂಬ ಒಂದೇ ಅಕ್ಷರ. ಹಾಳೆಯನ್ನು ಸರಿಸುತ್ತ ಕೀಲಿ ಒತ್ತಿದರೆ ಅದೇ ಅಕ್ಷರ ಸಾಲಾಗಿ ಮೂಡುತ್ತಿತ್ತು.

ತಂತಿ ನೌಕರನಿಗೆ ಆ ಟಕ್ ಸದ್ದು ಹೊಸದೇನಲ್ಲ. ಸದ್ದಿನ ಏರುಪೇರನ್ನು ಕಿವಿಯಲ್ಲಿ ಕೇಳುತ್ತಲೇ ಸಂದೇಶ ಬರೆದುಕೊಳ್ಳುವ ವಿದ್ಯೆ ಅವನದು. ಬೆರಳು ಒತ್ತಿದ್ದಕ್ಕೆ ಕಿವಿ ಸಾಕ್ಷಿ ಹೇಳುವ ಪದ್ಧತಿ ತಂತಿಯಿಂದ ಬೆರಳಚ್ಚಿಗೆ ಹೀಗೆ ದಾಟಿ ಬಂತು. ಹೊಸ ಯಂತ್ರವನ್ನು ಮೊದಮೊದಲು ಪರೀಕ್ಷಿಸಿದವರಲ್ಲಿ ತಂತಿ ಮತ್ತು ಶೀಘ್ರಲಿಪಿ ಬಲ್ಲವರೇ ಇದ್ದರೆಂಬುದು ಕಾಕತಾಳೀಯವಲ್ಲ.

ಶೋಲ್ಸ್, ಗ್ಲಿಡನ್ ಮತ್ತು ಸೂಲ್ ಅವರಿಗೆ 1868ರ ಜೂನ್ 23ರಂದು ಪೇಟೆಂಟ್ ದೊರೆಯಿತು. ಮೊದಲ ಮಾದರಿಗಳ ಕೀಲಿಗಳು ಪಿಯಾನೋದ ಮನೆಗಳಂತೆ ಉದ್ದಕ್ಕೆ ಇದ್ದವು. ಬಂಡವಾಳ ಹೂಡಲು ಬಂದ ಜೇಮ್ಸ್ ಡೆನ್ಸ್‌ಮೋರ್ ಒರಟು ಸ್ವಭಾವದ, ಪಟ್ಟು ಬಿಡದ ಮನುಷ್ಯ. ಒಂದರ ಹಿಂದೊಂದರಂತೆ ಸಿದ್ಧವಾದ ಮಾದರಿಗಳನ್ನು ವಾಷಿಂಗ್ಟನ್ನಿನ ಶೀಘ್ರಲಿಪಿಕಾರ ಜೇಮ್ಸ್ ಕ್ಲೆಫೇನ್ ಬಳಿಗೆ ಕಳುಹಿಸಲಾಗುತ್ತಿತ್ತು. ಅವರು ನಿರ್ದಾಕ್ಷಿಣ್ಯವಾಗಿ ಬಳಸಿ, ಮುರಿದು, ದೋಷಗಳ ಪಟ್ಟಿ ಸಹಿತ ಹಿಂದಿರುಗಿಸುತ್ತಿದ್ದರು. ಬೇಸತ್ತ ಶೋಲ್ಸ್ ಎಲ್ಲವನ್ನೂ ಕೈಬಿಡಲು ಹೊರಟಾಗ ಡೆನ್ಸ್‌ಮೋರ್ ತಡೆದರು. ಇಂದು ಹೆಚ್ಚಿನ ಕಂಪ್ಯೂಟರುಗಳಲ್ಲಿರುವ ಕ್ವರ್ಟಿ ಅಕ್ಷರ ವಿನ್ಯಾಸವೂ ಈ ವರ್ಷಗಳ ತಿದ್ದುಪಡಿಗಳ ಫಲ. ಮೊಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಈ ಜೋಡಣೆ ಬಂತೆಂದು ಕೆಲವರೂ, ತಂತಿ ನೌಕರರ ಅನುಕೂಲಕ್ಕೆ ತಕ್ಕಂತೆ ರೂಪುಗೊಂಡಿತೆಂದು ಇನ್ನು ಕೆಲವರೂ ವಾದಿಸುತ್ತಾರೆ.

ಕಾಣದ ಬರಹಕ್ಕೆ ಕಿವಿಯೇ ಕಣ್ಣು

1873ರ ಮಾರ್ಚ್ ತಿಂಗಳಲ್ಲಿ ಬಂದೂಕು ಮತ್ತು ಹೊಲಿಗೆ ಯಂತ್ರ ತಯಾರಿಸುತ್ತಿದ್ದ ರೆಮಿಂಗ್ಟನ್ ಸಂಸ್ಥೆಯೊಡನೆ ಒಪ್ಪಂದವಾಯಿತು. 1874ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಬೆಲೆ 125 ಡಾಲರ್. ಹೊಲಿಗೆ ಯಂತ್ರದಂತೆಯೇ ಹೂವಿನ ಚಿತ್ತಾರ. ದೊಡ್ಡಕ್ಷರಗಳು ಮಾತ್ರ. ಎಲ್ಲಕ್ಕಿಂತ ವಿಚಿತ್ರವೆಂದರೆ, ಬರೆಯುವವನಿಗೆ ತಾನು ಬರೆದದ್ದು ಕಾಣುತ್ತಿರಲಿಲ್ಲ. ಮೊಳೆಗಳು ಉರುಳೆಯ ಅಡಿಯಿಂದ ಬಡಿಯುತ್ತಿದ್ದುದರಿಂದ ಕೆಲವು ಸಾಲುಗಳಾದ ಮೇಲಷ್ಟೇ ಬರಹ ಕಣ್ಣಿಗೆ ಬೀಳುತ್ತಿತ್ತು. ನೋಡಬೇಕೆಂದರೆ ಉರುಳೆಯನ್ನೇ ಮೇಲೆತ್ತಬೇಕು. ಹೀಗಿರುವಾಗ ಅಕ್ಷರ ಬಿದ್ದಿತೆಂಬುದಕ್ಕೆ ಆ ಗಳಿಗೆಯಲ್ಲಿ ಪ್ರಮಾಣ ಎರಡೇ: ಬೆರಳಿಗೆ ತಾಗುವ ಒತ್ತಡ, ಕಿವಿಗೆ ಬೀಳುವ ಬಡಿತ.

ಇದನ್ನೊಂದು ಕೊರತೆಯೆಂದಷ್ಟೇ ಎಣಿಸಬೇಕಾಗಿಲ್ಲ. ಕಣ್ಣನ್ನು ನೆಚ್ಚದೆ ಬರೆಯುವ ವಿದ್ಯೆ ಬೆಳೆದದ್ದು ಇಂತಹ ಯಂತ್ರಗಳ ಮೇಲೆಯೇ. 1888ರ ಜುಲೈ 25ರಂದು ಸಿನ್ಸಿನಾಟಿ ನಗರದಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಫ್ರಾಂಕ್ ಮೆಕ್‌ಗರಿನ್ ಎಂಬ ನ್ಯಾಯಾಲಯದ ಶೀಘ್ರಲಿಪಿಕಾರ ಕೀಲಿಗಳತ್ತ ನೋಡದೆ ಟೈಪು ಮಾಡಿ ಗೆದ್ದರು. ಆ ಬಳಿಕ ಈ ಪದ್ಧತಿಗೆ ಎಲ್ಲೆಡೆ ಮನ್ನಣೆ ದೊರೆಯಿತು. ಬರಹ ಕಣ್ಣೆದುರಿಗೇ ಮೂಡುವ ಅಂಡರ್‌ವುಡ್ ಮಾದರಿ ಬಂದದ್ದು 1890ರ ದಶಕದಲ್ಲಿ, ಶೋಲ್ಸ್ ತೀರಿಕೊಂಡ ನಂತರ.

ಶೋಲ್ಸ್‌ಗಿಂತ ಬಹಳ ಹಿಂದೆ, 1800ರ ದಶಕದ ಆರಂಭದಲ್ಲಿ, ಇಟಲಿಯ ಪೆಲೆಗ್ರಿನೊ ತುರ್ರಿ ಎಂಬವರು ಬರೆಯುವ ಯಂತ್ರವೊಂದನ್ನು ನಿರ್ಮಿಸಿದ್ದು ದೃಷ್ಟಿ ಕಳೆದುಕೊಂಡ ತಮ್ಮ ಗೆಳತಿ ಕೆರೊಲಿನಾ ಫಾಂತೋನಿಗಾಗಿ. ಯಂತ್ರ ಉಳಿದಿಲ್ಲ, ಆಕೆ ಅದರಲ್ಲಿ ಬರೆದ ಪತ್ರಗಳು ಉಳಿದಿವೆ. ನೋಡದೆ ಬರೆಯಬೇಕಾದವರ ಅಗತ್ಯ ಈ ಯಂತ್ರದ ಹುಟ್ಟಿನಷ್ಟೇ ಹಳೆಯದು ಎಂಬುದಕ್ಕೆ ಇದು ನಿದರ್ಶನ.

ಹಣ ಬಾರದ ಕೀರ್ತಿ

ಯಂತ್ರ ಕೂಡಲೇ ಜನಪ್ರಿಯವಾಗಲಿಲ್ಲ. ಮೊದಲ ನಾಲ್ಕಾರು ವರ್ಷಗಳಲ್ಲಿ ಸುಮಾರು 5,000 ಯಂತ್ರಗಳಷ್ಟೇ ಮಾರಾಟವಾದವು. 1878ರಲ್ಲಿ ಶಿಫ್ಟ್ ಕೀಲಿಯೊಡನೆ ಸಣ್ಣಕ್ಷರಗಳನ್ನೂ ಮೂಡಿಸುವ ಎರಡನೆಯ ಮಾದರಿ ಬಂದ ಬಳಿಕವೇ ವ್ಯಾಪಾರ ಕುದುರಿತು. ಅಷ್ಟರಲ್ಲಿ ಶೋಲ್ಸ್ ತಮ್ಮ ಹಕ್ಕನ್ನು 12,000 ಡಾಲರುಗಳಿಗೆ ಮಾರಿಕೊಂಡಿದ್ದರು. ರಾಯಧನ ಉಳಿಸಿಕೊಂಡ ಡೆನ್ಸ್‌ಮೋರ್ ಶ್ರೀಮಂತರಾದರು.

ಆದರೂ ಶೋಲ್ಸ್ ತಮ್ಮ ಯಂತ್ರದ ವಿಷಯದಲ್ಲಿ ಸಂತೃಪ್ತರಾಗಿದ್ದರು. ದುಡಿದು ಬದುಕುವ ಹೆಣ್ಣುಮಕ್ಕಳಿಗೆ ಅದು ದಾರಿ ತೋರಿಸಿತೆಂಬುದು ಅವರ ಸಮಾಧಾನ. ಅವರ ಮಗಳು ಲಿಲಿಯನ್ ಯಂತ್ರದ ಮುಂದೆ ಕುಳಿತ ಭಾವಚಿತ್ರ ಇಂದಿಗೂ ಲಭ್ಯವಿದೆ. ಕಚೇರಿಗಳ ಬಾಗಿಲು ಮಹಿಳೆಯರಿಗೆ ತೆರೆದದ್ದರಲ್ಲಿ ಈ ಯಂತ್ರದ ಪಾಲು ದೊಡ್ಡದು.

ಕೊನೆಯ ವರ್ಷಗಳಲ್ಲಿ ಕ್ಷಯರೋಗ ಅವರನ್ನು ಹಾಸಿಗೆಗೆ ಕೆಡವಿತು. ಹಾಸಿಗೆಯಲ್ಲಿದ್ದೂ ಸುಧಾರಣೆಗಳನ್ನು ಚಿಂತಿಸುತ್ತಿದ್ದರು. 1889ರಲ್ಲಿ ಅವರು ಕ್ವರ್ಟಿಗಿಂತ ಭಿನ್ನವಾದ ಇನ್ನೊಂದು ಅಕ್ಷರ ವಿನ್ಯಾಸಕ್ಕೆ ಸಲ್ಲಿಸಿದ ಪೇಟೆಂಟ್ ಅರ್ಜಿ ಮರಣಾನಂತರ, 1896ರಲ್ಲಿ, ಮಂಜೂರಾಯಿತು. 1890ರ ಫೆಬ್ರವರಿ 17ರಂದು, 71 ತುಂಬಿದ ಮೂರೇ ದಿನಗಳಲ್ಲಿ, ಅವರು ಮಿಲ್ವಾಕಿಯಲ್ಲಿ ಇಹಲೋಕ ತ್ಯಜಿಸಿದರು. ಹೆಸರಿಲ್ಲದೆ ಉಳಿದ ಅವರ ಸಮಾಧಿಗೆ ಸ್ಮಾರಕವೊಂದು ಬೇಕೆಂದು ಹಲವು ದಶಕಗಳ ಮೇಲೆ ಪಟ್ಟುಹಿಡಿದು ಶ್ರಮಿಸಿದವರು, ಅಂದು ಕಾರ್ಬನ್ ಕಾಗದ ಕೊಟ್ಟ ಅದೇ ಚಾರ್ಲ್ಸ್ ವೆಲ್ಲರ್.

ಕರಾವಳಿಯ ಟಕಟಕ

ಶೋಲ್ಸ್ ಅವರ ಋಣ ನಮ್ಮ ಕರಾವಳಿಯ ಮೇಲೂ ಇದೆ. ಉಡುಪಿ, ಕಾಪು, ಕಾರ್ಕಳಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆ ಟೈಪಿಂಗ್ ಕಲಿಯುವುದು ಒಂದು ಕಾಲದಲ್ಲಿ ಉದ್ಯೋಗದ ಮೊದಲ ಮೆಟ್ಟಿಲಾಗಿತ್ತು. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾದ ಪ್ರಮಾಣಪತ್ರ ಹಿಡಿದು ಬಸ್ಸು ಹತ್ತಿ ಮುಂಬಯಿಗೆ ಹೋದವರು ಅದೆಷ್ಟೋ ಮಂದಿ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಟೈಪು ಕಲಿತು ಕಚೇರಿಯ ಕುರ್ಚಿ ಹಿಡಿದವರೂ ಇದ್ದಾರೆ. ಹತ್ತಾರು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವ ಕೋಣೆಯಲ್ಲಿಯೂ ತನ್ನ ಯಂತ್ರದ ಲಯವನ್ನು ಬೇರ್ಪಡಿಸಿ ಕೇಳುವುದು ಆ ತಲೆಮಾರಿನವರಿಗೆ ಕರಗತವಾಗಿತ್ತು. ಸಾಲು ಮುಗಿಯುತ್ತ ಬಂತೆಂದು ತಿಳಿಸುವ ಗಂಟೆಯೂ ಕಿವಿಗೇ ಹೇಳಿದ ಮಾತು. 1955ರಿಂದ ಟೈಪ್‌ರೈಟರ್ ತಯಾರಿಸುತ್ತಿದ್ದ ಗೋದ್ರೆಜ್ ಸಂಸ್ಥೆ 2009ರಲ್ಲಿ ತಯಾರಿಕೆ ನಿಲ್ಲಿಸುವುದರೊಂದಿಗೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು.

ಕಂಪ್ಯೂಟರ್ ಬಂದಾಗ ಮೊಳೆ ಇಲ್ಲ, ಬಡಿತವೂ ಇಲ್ಲ. ಆದರೆ ಟೈಪಿಸ್ಟರ ಕಿವಿ ಆ ಸದ್ದನ್ನು ಮರೆಯಲಿಲ್ಲ. ಇದನ್ನರಿತ ಕಂಪೆನಿಗಳು ಸದ್ದನ್ನು ಬೇಕೆಂದೇ ಮರಳಿ ಸೇರಿಸಿದವು. 1970ರ ದಶಕದ ಐಬಿಎಂ ಯಂತ್ರಗಳ ಕೆಲವು ಕೀಲಿಮಣೆಗಳಲ್ಲಿ ಸದ್ದಿಗಾಗಿಯೇ ವಿದ್ಯುತ್ ಸುತ್ತಿಗೆಯಂತಹ ಸಾಧನ ಅಳವಡಿಸಲಾಗಿತ್ತು. 1978ರ ವಿಟಿ-100 ಟರ್ಮಿನಲ್ಲಿನಲ್ಲಿ ಕೀಲಿ ಒತ್ತಿದಾಗ ಪುಟ್ಟ ಸ್ಪೀಕರ್ ಸದ್ದು ಮಾಡುತ್ತಿತ್ತು, ಬೇಡವಾದರೆ ನಿಲ್ಲಿಸಬಹುದಿತ್ತು. 1985ರ ಐಬಿಎಂ ಮಾಡೆಲ್ ಎಂ ಕೀಲಿಮಣೆಯಲ್ಲಿ ಕೀಲಿಯಡಿಯ ಸ್ಪ್ರಿಂಗ್ ಬಾಗಿದ ಕ್ಷಣದಲ್ಲಿಯೇ ಸದ್ದೂ ಹೊಮ್ಮುತ್ತದೆ, ಅಕ್ಷರವೂ ದಾಖಲಾಗುತ್ತದೆ. ಇಂದಿನ ಮೊಬೈಲಿನ ಗಾಜಿನ ಮೇಲೆ ಬೆರಳು ತಾಗಿದಾಗ ಕೇಳುವ ಸದ್ದು ಕೇವಲ ಧ್ವನಿಮುದ್ರಿಕೆ. ಆದರೂ ಅದು ಹೇಳುವ ಮಾತು ಹಳೆಯದೇ.

ಕನ್ನಡ ಬರೆಯುವವರಿಗೆ ಈ ಮಾತಿನಲ್ಲಿ ಹೆಚ್ಚಿನ ಅರ್ಥವಿದೆ. ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿ, ಕರ್ನಾಟಕ ಸರಕಾರವೂ ಅಂಗೀಕರಿಸಿದ ವಿನ್ಯಾಸದಲ್ಲಿ ಶೋಲ್ಸ್ ಅವರ ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡದ ಧ್ವನಿಗಳು ಕುಳಿತಿವೆ. ಸ್ತ್ರೀ ಎಂಬ ಒಂದು ಅಕ್ಷರ ಮೂಡಲು ವ್ಯಂಜನ, ಒತ್ತು, ಸ್ವರಗಳೆಂದು ಹಲವು ಕೀಲಿಗಳನ್ನು ಒತ್ತಬೇಕು. ಪರದೆಯ ಮೇಲಿನ ರೂಪ ಪ್ರತಿ ಒತ್ತಿಗೂ ಬದಲಾಗುತ್ತದೆ. ಎಷ್ಟು ಒತ್ತಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಲೆಕ್ಕ ಇಡಬಲ್ಲದು.

ಕಣ್ಣು ಕಾಣದವರಿಗಂತೂ ಇದು ಅನುಕೂಲದ ಮಾತಲ್ಲ, ಓದು ಮತ್ತು ಉದ್ಯೋಗದ ಮಾತು. ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ಯುವಕರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಒತ್ತಿದ ಅಕ್ಷರವನ್ನು ಉಚ್ಚರಿಸಿ ತಿಳಿಸುತ್ತದೆ. ಕನ್ನಡದ ಧ್ವನಿಯೂ ಅದರಲ್ಲಿ ಲಭ್ಯ. ವಿಂಡೋಸ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದಾಗ ಎಚ್ಚರಿಸುವ ಧ್ವನಿಯ ವ್ಯವಸ್ಥೆ ಬಹಳ ಕಾಲದಿಂದಲೂ ಇದೆ. ಅದನ್ನು ಚಾಲೂ ಮಾಡಿಕೊಳ್ಳಬೇಕಷ್ಟೆ. ನಮ್ಮ ಶಾಲೆ, ಗ್ರಂಥಾಲಯ, ಕಚೇರಿಗಳಲ್ಲಿ ಮೌನವೇ ಶಿಸ್ತೆಂದು ಭಾವಿಸಿ ಕಂಪ್ಯೂಟರಿನ ಸದ್ದನ್ನೆಲ್ಲ ಅಡಗಿಸುವ ಮುನ್ನ, ಆ ಸದ್ದು ಯಾರಿಗಾದರೂ ಬೇಕಿದೆಯೇ ಎಂದು ವಿಚಾರಿಸುವುದು ಒಳಿತು.

ಶೋಲ್ಸ್ ಬರೆದ ಪತ್ರಿಕೆಗಳನ್ನು ಇಂದು ಓದುವವರಿಲ್ಲ. ಅವರ ಯಂತ್ರ ವಸ್ತುಸಂಗ್ರಹಾಲಯ ಸೇರಿದೆ. ಆದರೆ ಬರೆಯುವವನಿಗೆ ತನ್ನ ಅಕ್ಷರ ಬಿದ್ದಿತೆಂಬ ಭರವಸೆ ಅಲ್ಲಿಯೇ, ಆ ಕ್ಷಣವೇ ಸಿಗಬೇಕೆಂಬ ಅಗತ್ಯವನ್ನು ಅವರ ಯಂತ್ರ ಕಿವಿಗೆ ಕೇಳುವಂತೆ ಪೂರೈಸಿತು. ಇಂದು ಆ ಭರವಸೆ ಯಂತ್ರದಿಂದ ತಾನಾಗಿ ಬರುವುದಿಲ್ಲ. ಬೇಕಾದವರಿಗೆ ಅದು ಸಿಗುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.