ಕಾಲುವೆ ಸಾಹೇಬ, ಖೆಡ್ಡಾ ಸಾಹೇಬ

ಎಚ್.ಡಿ. ಕೋಟೆ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಕಾರಾಪುರ ಗೊತ್ತು. ಕಬಿನಿ ದಂಡೆಯಲ್ಲಿ ಡೇರೆ, ಡೇರೆಯೊಳಗೇ ಮಂಚ, ಬಿಸಿನೀರು. ಒಂದು ರಾತ್ರಿಗೆ ಸಾವಿರಾರು ರೂಪಾಯಿ! ಆದರೆ ಆನೆಗಾಗಿ ಹೊಳೆ ಪಕ್ಕ ಡೇರೆ ಹಾಕೋದು ನಮ್ಮ ಸೀಮೆಗೆ ಹೊಸದೇನಲ್ಲ. ಆ ಕತೆಯಲ್ಲಿ ಒಬ್ಬ ಕಾಲುವೆ ಸಾಹೇಬನಿದ್ದಾನೆ.

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ. ತಂದೆ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಕನ್ನಡ ನಿಘಂಟಿಗೆ ದುಡಿದವನು. ಮಗ 1864ರಲ್ಲಿ ಮೈಸೂರಿಗೆ ಬಂದು ಮುಂದೆ ಸರ್ಕಾರದ ಕಾಲುವೆಗಳ ಉಸ್ತುವಾರಿ ವಹಿಸಿಕೊಂಡ. ಕನ್ನಡ ಸಲೀಸಾಗಿ ಬರುತ್ತಿತ್ತು. ಕಾಲುವೆ ನೋಡಲು ಹೋದವನಿಗೆ ಕಾಡಿನ ಹುಚ್ಚು ಹಿಡಿಯಿತು.

ಆಗ ಇಲ್ಲಿ ಗುಂಡಿ ತೋಡಿ ಆನೆ ಬೀಳಿಸುತ್ತಿದ್ದರು. ಬಿದ್ದ ಆನೆಗಳು ಕಾಲು ಮುರಿದುಕೊಂಡು ಸಾಯುತ್ತಿದ್ದುದೇ ಹೆಚ್ಚು. ಹಿಂಡನ್ನೇ ಸುತ್ತುವರಿದು ಖೆಡ್ಡಾಕ್ಕೆ ಅಟ್ಟುತ್ತೇನೆ ಎಂದ ಸ್ಯಾಂಡರ್ಸನ್. ಹೈದರಾಲಿಗೇ ಆಗದ ಕೆಲಸ ಇವನಿಂದ ಆದೀತೇ ಎಂದು ಜನ ನಕ್ಕರು. 1873ರಲ್ಲಿ ಮೊದಲ ಪ್ರಯತ್ನ ಕೈಕೊಟ್ಟಿತು. ಸಾಹೇಬ ಬಿಡಲಿಲ್ಲ. 1874ರ ಜೂನ್‌ನಲ್ಲಿ ಚಾಮರಾಜನಗರದ ಬಳಿ ಹೊನ್ನುಹೊಳೆ ದಂಡೆಯಲ್ಲಿ ಐವತ್ತಕ್ಕೂ ಹೆಚ್ಚು ಆನೆ ಒಂದೇ ಸಲಕ್ಕೆ ಸಿಕ್ಕಿಬಿದ್ದವು.

ಆಮೇಲೆ ಕೇಳಬೇಕೆ? ಢಾಕಾ, ಚಿತ್ತಗಾಂಗ್, ಗಾರೋ ಬೆಟ್ಟದವರೆಗೂ ಸಾಹೇಬನಿಗೆ ಕರೆ ಬಂತು. 1878ರಲ್ಲಿ ಅವನ ಕಾಡಿನ ಅನುಭವದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ತೋರಿಸಿದವನೂ ಇವನೇ. ರಾಜಕುಮಾರನಿಗೆ ಅದು ತಮಾಷೆ. ಹಗಲೂ ರಾತ್ರಿ ಬೆಂಕಿ ಹಾಕಿ, ತಮಟೆ ಬಡಿದು ಹಿಂಡನ್ನು ಕಾದ ಹಳ್ಳಿಗರಿಗೆ, ಕಾಡು ಜನಕ್ಕೆ ಅದು ಪ್ರಾಣದ ಮೇಲಿನ ಕೆಲಸ. ಕಾಡುಜ್ವರ ಬೇರೆ.

1892ರಲ್ಲಿ ಸ್ಯಾಂಡರ್ಸನ್ ಮದರಾಸಿನಲ್ಲಿ ತೀರಿಕೊಂಡ. ವಯಸ್ಸು ಐವತ್ತೂ ಆಗಿರಲಿಲ್ಲ. ಅವನು ಹಾಕಿಕೊಟ್ಟ ದಾರಿ ಮಾತ್ರ ನಿಲ್ಲಲಿಲ್ಲ. ಕಬಿನಿಯ ಕಾಕನಕೋಟೆ ಖೆಡ್ಡಾಕ್ಕೆ ವೈಸರಾಯರು, ಪರದೇಶದ ದೊಡ್ಡವರು ಬಂದು ಡೇರೆಯಲ್ಲಿ ತಂಗಿದರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ರ ಹೊತ್ತಿಗೆ ಅಣೆಕಟ್ಟು ಎದ್ದು ಹಳೆಯ ಕಾಡು, ಹಳ್ಳಿ, ಹಾಡಿ ಎಲ್ಲಾ ನೀರೊಳಗೆ ಹೋದವು.

ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹುಲ್ಲು ಮೇಯಲು ಆನೆ ಹಿಂಡು ಬರುತ್ತದೆ. ಯಾರೂ ಅಟ್ಟುವುದಿಲ್ಲ. ದುಡ್ಡು ಕೊಟ್ಟವರು ಡೇರೆ ಮುಂದೆ ಕೂತು ನೋಡುತ್ತಾರೆ. ಸಾಹೇಬನ ಹೆಸರು ಪುಸ್ತಕದಲ್ಲಿ ಉಳಿದಿದೆ. ಅಂದು ನಿದ್ದೆಗೆಟ್ಟು ಬೆಂಕಿ ಕಾದವರ ಹೆಸರು ಹೇಳಿ ಅಂದರೆ, ಹೇಳುವವರು ಯಾರೂ ಇಲ್ಲ.